ಪಾಲಾರ್ ಕಣಿವೆಯ ಹಳೆಯ ನಕ್ಷೆಯಲ್ಲಿ ಕೆರೆ, ಕಾಲುವೆ ಗುರುತಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೋಲಾರ ಸೀಮೆಯಲ್ಲಿ ಪಾಲಾರ್ ನದಿ ಎಲ್ಲಿ ಹರಿಯುತ್ತದೆ ಎಂದು ಕೇಳಿದರೆ ಜನ ಕೆರೆಗಳ ಹೆಸರು ಹೇಳುತ್ತಾರೆ. ಅದೇ ಸರಿಯಾದ ಉತ್ತರ. ಚಿಂತಾಮಣಿ ತಾಲ್ಲೂಕಿನ ತಲಗವಾರದ ಕಡೆ ಹುಟ್ಟಿ, ಕೋಲಾರ ಮತ್ತು ಮುಳಬಾಗಿಲು ಭಾಗಗಳ ನೀರನ್ನು ಕೂಡಿಸಿಕೊಂಡು, ಬೇತಮಂಗಲದ ಮೂಲಕ ಆಂಧ್ರದ ಕುಪ್ಪಂ ಕಡೆಗೆ ಇಳಿದು ತಮಿಳುನಾಡು ಸೇರುವ ಈ ನದಿ ನಮ್ಮಲ್ಲಿ ಇರುವುದೇ ಕೆರೆಗಳ ಸಾಲಾಗಿ. ಒಂದು ಕೆರೆಯ ಕೋಡಿ ಹರಿದರೆ ಮುಂದಿನ ಕೆರೆಗೆ ನೀರು. ನಡುವಿನ ಕಾಲುವೆ ಮುಚ್ಚಿದರೆ ಆ ಸಾಲು ಅಲ್ಲಿಗೇ ನಿಂತಿತು.

ಈ ಸಾಲು ಅಖಂಡವಾಗಿದ್ದ ಕಾಲದ ಚಿತ್ರ ಇಪ್ಪತ್ತನೆಯ ಶತಮಾನದ ನಡುಭಾಗದ ಸ್ಥಳಾಕೃತಿ ನಕ್ಷೆಗಳಲ್ಲಿದೆ, ಅಂದರೆ ನೆಲದ ಏರುತಗ್ಗು, ನೀರು, ದಾರಿಗಳನ್ನು ಅಳೆದು ತೋರಿಸುವ ನಕ್ಷೆಗಳಲ್ಲಿ. ಕೊಳವೆಬಾವಿ ಬರುವ ಮೊದಲು, ನೀಲಗಿರಿ ತೋಪುಗಳು ಹಬ್ಬುವ ಮೊದಲು, ಹೆದ್ದಾರಿಯ ಬೈಪಾಸುಗಳಿಗೂ ಬಡಾವಣೆಗಳಿಗೂ ಮೊದಲು ನೆಲ ಹೇಗಿತ್ತು ಎಂಬುದನ್ನು ಅವು ಗೆರೆಗೆರೆಯಾಗಿ ಹೇಳುತ್ತವೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಈ ಓದಿಗೆ ತುರ್ತು ಬಂದಿದೆ. ಬೆಂಗಳೂರಿನಲ್ಲಿ ಎರಡು ಹಂತದಲ್ಲಿ ಸಂಸ್ಕರಿಸಿದ ಆ ನೀರು ಕೆರೆಯಿಂದ ಕೆರೆಗೆ ಹೋಗಬೇಕಾದರೆ ಹಿಂದಿನವರು ತೋಡಿದ ದಾರಿಯೇ ಬೇಕು. ಗ್ರಾಮ ಪಂಚಾಯಿತಿ ಸದಸ್ಯರು, ಕೆರೆ ಬಳಕೆದಾರರ ಸಂಘದವರು, ಶಾಲಾ ಶಿಕ್ಷಕರು, ಭೂಗೋಳ ಓದುವ ವಿದ್ಯಾರ್ಥಿಗಳು ತಾವೇ ಕೂತು ಮಾಡಬಹುದಾದ ಕೆಲಸ ಇದು. ನಕ್ಷೆ ಓದುವುದನ್ನು ಎಂಜಿನಿಯರುಗಳಿಗೆ ಮಾತ್ರ ಬಿಟ್ಟುಬಿಟ್ಟಿದ್ದು ನಮ್ಮ ಕೆರೆಗಳಿಗೆ ಆದ ದೊಡ್ಡ ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ.

1. ಪ್ರಶ್ನೆಯನ್ನು ಮೊದಲು ಬರೆದುಕೊಳ್ಳಿ

ನಕ್ಷೆಯಲ್ಲಿ ನೂರಾರು ಸಂಗತಿಗಳಿರುತ್ತವೆ. ಪ್ರಶ್ನೆ ಇಲ್ಲದೆ ಕೂತರೆ ಸಂಜೆಯವರೆಗೂ ಊರ ಹೆಸರುಗಳನ್ನು ಹುಡುಕುತ್ತಾ ಕಾಲ ಕಳೆಯುತ್ತದೆ. ಆದ್ದರಿಂದ ಒಂದು ಕೆರೆಯನ್ನು ಆರಿಸಿಕೊಳ್ಳಿ. ಅದಕ್ಕೆ ನೀರು ಯಾವ ಯಾವ ದಿಕ್ಕಿನಿಂದ ಬರುತ್ತಿತ್ತು, ಮೇಲಿನ ಕೆರೆ ಯಾವುದು, ಕೋಡಿ ನೀರು ಎಲ್ಲಿಗೆ ಹೋಗುತ್ತಿತ್ತು, ಈ ದಾರಿಯನ್ನು ರಸ್ತೆಯೋ ರೈಲು ಹಳಿಯೋ ಎಲ್ಲಿ ದಾಟುತ್ತಿತ್ತು. ಇಷ್ಟಕ್ಕೆ ಉತ್ತರ ಸಿಕ್ಕರೆ ಸಾಕು. ಇಡೀ ಕಣಿವೆಯ ನಕ್ಷೆ ಹೀಗೆ ಒಂದೊಂದು ಕೆರೆಯಿಂದಲೇ ಬೆಳೆಯುತ್ತದೆ.

2. ಯಾವ ಹಾಳೆ ಬೇಕು?

ನಮ್ಮ ಭಾಗಕ್ಕೆ ಎರಡು ಬಗೆಯ ಹಳೆಯ ನಕ್ಷೆಗಳು ಉಪಯುಕ್ತ. ಒಂದು, ಅಮೆರಿಕದ ಸೇನಾ ನಕ್ಷಾ ಸೇವೆ 1950ರ ದಶಕದಲ್ಲಿ ಸಿದ್ಧಪಡಿಸಿದ 1:2,50,000 ಅಳತೆಯ ಯು502 ಸರಣಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಈ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಇನ್ನೊಂದು, ಭಾರತೀಯ ಸರ್ವೇಕ್ಷಣಾ ಇಲಾಖೆಯ ಒಂದು ಅಂಗುಲಕ್ಕೆ ಒಂದು ಮೈಲಿಯ ನಕ್ಷೆ, ಅಂದರೆ 1:63,360. ಮೆಟ್ರಿಕ್ ಪದ್ಧತಿ ಬಂದ ನಂತರ ಇದರ ಜಾಗಕ್ಕೆ 1:50,000 ನಕ್ಷೆ ಬಂತು. ಇಲಾಖೆಯ ಬೆಂಗಳೂರು ಕಚೇರಿ ಕೋರಮಂಗಲದಲ್ಲಿದೆ. ಹಳೆಯ ಭೂಗೋಳ ವಿಭಾಗಗಳಿರುವ ಕಾಲೇಜುಗಳ ಬೀರುಗಳಲ್ಲೂ ಒಂದಂಗುಲದ ಹಾಳೆಗಳು ಸುರುಳಿ ಸುತ್ತಿಕೊಂಡು ಕೂತಿರುತ್ತವೆ. ಅಲ್ಲಿ ಕೇಳಲು ಸಂಕೋಚ ಬೇಡ.

ಸೇನಾ ನಕ್ಷೆ ಕಣಿವೆಯ ಒಟ್ಟು ರೂಪ ತೋರಿಸುತ್ತದೆ. ಆದರೆ ಅದರಲ್ಲಿ 300 ಮೀಟರ್ ಉದ್ದದ ಕೆರೆ ಏರಿ ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅದೇ ಏರಿ ಒಂದಂಗುಲದ ನಕ್ಷೆಯಲ್ಲಿ ಸುಮಾರು 5 ಮಿಲಿಮೀಟರ್ ಆಗುತ್ತದೆ. ಕಾಲುವೆ ಹುಡುಕುವವರಿಗೆ ಎರಡನೆಯದು ಬೇಕೇ ಬೇಕು.

ಹಾಳೆಯ ಸಂಖ್ಯೆ ಕಂಡುಹಿಡಿಯುವ ಕ್ರಮ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ಸರ್ವೇಕ್ಷಣಾ ಇಲಾಖೆಯ ಹಳೆಯ ಪದ್ಧತಿಯಲ್ಲಿ 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 80 ಡಿಗ್ರಿ ಪೂರ್ವ ರೇಖಾಂಶದ ಚೌಕಕ್ಕೆ 57 ಎಂದು ಸಂಖ್ಯೆ. ಅದನ್ನು ಒಂದೊಂದು ಡಿಗ್ರಿಯ ಹದಿನಾರು ಚೌಕಗಳಾಗಿ ಒಡೆದು ಎ ಇಂದ ಪಿ ವರೆಗೆ ಹೆಸರಿಟ್ಟಿದ್ದಾರೆ. ಎಣಿಕೆ ವಾಯವ್ಯ ಮೂಲೆಯಿಂದ ಶುರುವಾಗಿ ಮೇಲಿನಿಂದ ಕೆಳಕ್ಕೆ ಇಳಿದು, ಮತ್ತೆ ಮುಂದಿನ ಕಂಬಸಾಲಿನ ಮೇಲ್ತುದಿಗೆ ಹೋಗುತ್ತದೆ. ಪ್ರತಿ ಚೌಕದೊಳಗೆ ಇದೇ ಕ್ರಮದಲ್ಲಿ 15 ನಿಮಿಷದ ಹದಿನಾರು ಹಾಳೆಗಳು. ಈ ಲೆಕ್ಕದಲ್ಲಿ ಕೋಲಾರ ಪಟ್ಟಣ 57ಕೆ/4ರಲ್ಲಿ, ಮುಳಬಾಗಿಲು 57ಕೆ/8ರಲ್ಲಿ, ಬಂಗಾರಪೇಟೆ 57ಎಲ್/1ರಲ್ಲಿ, ಕೆಜಿಎಫ್ 57ಎಲ್/5ರಲ್ಲಿ ಬರುತ್ತವೆ. ನದಿಯ ಮೇಲ್ಭಾಗಕ್ಕೆ ಚಿಂತಾಮಣಿ ಇರುವ 57ಕೆ/3 ಬೇಕು.

ನಮ್ಮ ಕಣಿವೆಗೆ ಒಂದು ದುರದೃಷ್ಟವಿದೆ. 13 ಡಿಗ್ರಿ ಅಕ್ಷಾಂಶದ ಗೆರೆ ಬಂಗಾರಪೇಟೆ, ಬೇತಮಂಗಲಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಆದ್ದರಿಂದ ಕೆರೆಸಾಲಿನ ಮುಖ್ಯ ಭಾಗ ಹಾಳೆಗಳ ಹೊಲಿಗೆಯ ಮೇಲೆಯೇ ಬೀಳುತ್ತದೆ. ನಾಲ್ಕೂ ಹಾಳೆಗಳನ್ನು ಒಟ್ಟಿಗೆ ತರಿಸಿ. ಸೇನಾ ನಕ್ಷೆಯಲ್ಲೂ ಇದೇ ಕಷ್ಟ: 13 ಡಿಗ್ರಿಗಿಂತ ಉತ್ತರದ್ದು ಎನ್‌ಡಿ 44-9, ದಕ್ಷಿಣದ್ದು ಎನ್‌ಡಿ 44-13. ಅದರ ಜೊತೆಗೆ 78 ಡಿಗ್ರಿ ರೇಖಾಂಶ ಕೋಲಾರದ ಪಶ್ಚಿಮಕ್ಕೆ ಹಾದುಹೋಗುವುದರಿಂದ ಮಾಲೂರು, ಚಿಕ್ಕಬಳ್ಳಾಪುರ, ತುಮಕೂರುಗಳೆಲ್ಲ 43ನೇ ವಲಯದ, ಅಂದರೆ ಪಕ್ಕದ ಆರು ಡಿಗ್ರಿ ರೇಖಾಂಶದ ಪಟ್ಟಿಯ, ಹಾಳೆಗಳಿಗೆ ಹೋಗುತ್ತವೆ. ಕೋಲಾರ, ಚಿಂತಾಮಣಿ 44ಕ್ಕೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಈ ವಲಯದ ಗಡಿಯನ್ನು ನೆನಪಿಡಬೇಕು.

3. ಅಂಚನ್ನು ಓದದೆ ಒಳಗೆ ಹೋಗಬೇಡಿ

ನಕ್ಷೆಯ ನಾಲ್ಕು ಅಂಚುಗಳಲ್ಲಿ ಸಣ್ಣಕ್ಷರದಲ್ಲಿರುವುದು ಒಳಗಿನ ಚಿತ್ರದಷ್ಟೇ ಮುಖ್ಯ. ಎಲ್ಲಕ್ಕಿಂತ ಮೊದಲು ವರ್ಷಗಳನ್ನು ಹುಡುಕಿ. ಮುದ್ರಣವಾದ ವರ್ಷ ಬೇರೆ, ನೆಲವನ್ನು ಅಳೆದ ವರ್ಷ ಬೇರೆ, ರಸ್ತೆಗಳನ್ನು ತಿದ್ದಿದ ವರ್ಷ ಇನ್ನೂ ಬೇರೆ. 1950ರ ದಶಕದಲ್ಲಿ ಅಚ್ಚಾದ ಸೇನಾ ನಕ್ಷೆಗೆ ಆಧಾರವಾದದ್ದು ಅದಕ್ಕೂ ಹಿಂದಿನ ಸರ್ವೇಕ್ಷಣಾ ಇಲಾಖೆಯ ಹಾಳೆಗಳು. ಯಾವ ಭಾಗಕ್ಕೆ ಯಾವ ಆಕರ ಬಳಸಿದರು ಎಂಬುದನ್ನು ಅಂಚಿನ ಪುಟ್ಟ ಚೌಕ ತೋರಿಸುತ್ತದೆ. “1955ರಲ್ಲಿ ಈ ಕೆರೆ ಹೀಗಿತ್ತು” ಎಂದು ಬರೆಯುವ ಮೊದಲು ಆ ಚೌಕವನ್ನು ನೋಡಿ. ಹಲವು ವಾದಗಳು ಸೋಲುವುದು ಇಲ್ಲಿಯೇ.

ಗಡಿಗಳು ಕಾಲವನ್ನು ಪತ್ತೆಮಾಡಲು ನೆರವಾಗುತ್ತವೆ. ಕುಪ್ಪಂ ಇರುವ ಚಿತ್ತೂರು ಜಿಲ್ಲೆ ಮದ್ರಾಸಿನೊಳಗೆ ಕಂಡರೆ ಆ ಗಡಿ 1953ರ ಅಕ್ಟೋಬರ್‌ಗಿಂತ ಹಿಂದಿನದು. ಆಂಧ್ರ ರಾಜ್ಯ ಎಂದಿದ್ದರೆ 1953 ಮತ್ತು 1956ರ ನಡುವಿನದು. ನಮ್ಮ ರಾಜ್ಯ ಮೈಸೂರು ಎಂದೇ ಇರುತ್ತದೆ, ಏಕೆಂದರೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಚಿಂತಾಮಣಿ, ಚಿಕ್ಕಬಳ್ಳಾಪುರಗಳೆಲ್ಲ ಕೋಲಾರ ಜಿಲ್ಲೆಯೊಳಗೇ ಇರುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಬಂಗಾರಪೇಟೆಯನ್ನು ಹುಡುಕುವಾಗ ಬೌರಿಂಗ್‌ಪೇಟೆ ಎಂಬ ಹೆಸರನ್ನು ನೋಡಿ.

ಆಮೇಲೆ ಎತ್ತರದ ಅಳತೆ ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ನೋಡಿ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳೇ ಸಮೋನ್ನತ ರೇಖೆಗಳು. ಒಂದಂಗುಲದ ನಕ್ಷೆಯಲ್ಲಿ ಅವುಗಳ ನಡುವಿನ ಎತ್ತರದ ಅಂತರ 50 ಅಡಿ, 1:50,000ರಲ್ಲಿ 20 ಮೀಟರ್. ನಂದಿಬೆಟ್ಟದ ತುದಿ ಹಳೆಯದರಲ್ಲಿ 4,851, ಹೊಸದರಲ್ಲಿ 1,478 ಎಂದಿದ್ದರೆ ಎರಡೂ ಒಂದೇ ಎತ್ತರ.

4. ಅಳತೆ ಕೆಡದಂತೆ ಮುದ್ರಿಸಿ

ಇಳಿಸಿಕೊಂಡ ಕಡತವನ್ನು ಮುದ್ರಿಸುವಾಗ ಕಾಗದಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದುಹಾಕಿ, ಶೇಕಡಾ 100ರ ಅಳತೆಯಲ್ಲಿ ತೆಗೆಸಿ. ಬಂದ ಹಾಳೆಯ ಅಳತೆಪಟ್ಟಿಯ ಮೇಲೆ ಸ್ಕೇಲ್ ಇಡಿ. ಒಂದಂಗುಲದ ನಕ್ಷೆಯಲ್ಲಿ ಒಂದು ಮೈಲಿ ಸರಿಯಾಗಿ 2.54 ಸೆಂಟಿಮೀಟರ್ ಇರಬೇಕು. ಇರದಿದ್ದರೆ ಮುದ್ರಣದಂಗಡಿಯವರಿಗೆ ಹೇಳಿ ಮತ್ತೆ ತೆಗೆಸಿ.

ಇಷ್ಟು ಹಟ ಏಕೆಂದರೆ ಈ ಅಳತೆಯಲ್ಲಿ ಒಂದು ಸೊಗಸಾದ ಅನುಕೂಲವಿದೆ. 1:63,360ರಲ್ಲಿ ಒಂದು ಚದರ ಮಿಲಿಮೀಟರ್ ನೆಲದ ಮೇಲೆ 4,014 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಎಕರೆ. ಪಾರದರ್ಶಕ ಗ್ರಾಫ್ ಹಾಳೆಯನ್ನು ಕೆರೆಯ ಮೇಲಿಟ್ಟು ಮಿಲಿಮೀಟರ್ ಚೌಕಗಳನ್ನು ಎಣಿಸಿದರೆ ಕೆರೆಯ ವಿಸ್ತಾರ ಎಕರೆಯಲ್ಲೇ ಸಿಗುತ್ತದೆ. ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಪೂರ್ಣವೆಂದು ಹಿಡಿಯಿರಿ, ಕಡಿಮೆಯಿದ್ದರೆ ಬಿಡಿ. ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗಣಿತದ ಪಾಠ ನನಗೆ ಗೊತ್ತಿಲ್ಲ. ಇದು ಅಂದಾಜು, ದಾವೆಗೆ ಒಡ್ಡುವ ಅಂಕಿಯಲ್ಲ.

ಮೂಲ ಹಾಳೆಯ ಮೇಲೆ ಏನನ್ನೂ ಬರೆಯಬೇಡಿ. ಟ್ರೇಸಿಂಗ್ ಹಾಳೆ ಹೊದಿಸಿ, ನಾಲ್ಕು ಮೂಲೆಗಳಲ್ಲಿ ಗುರುತು ಹಾಕಿ, ಅದರ ಮೇಲೆ ಕೆಲಸ ಮಾಡಿ.

5. ನೀರು ಸೀಳುವ ಏಣನ್ನು ಎಳೆಯಿರಿ

ಕೆರೆ ನೋಡುವ ಮುನ್ನ ದಿಣ್ಣೆ ನೋಡಬೇಕು. ಕಂದು ಬಣ್ಣದ ಸಮೋನ್ನತ ರೇಖೆಗಳು ಬಾಣದ ಮೊನೆಯ ಹಾಗೆ ಬಾಗುವ ಜಾಗಗಳನ್ನು ಗುರುತಿಸಿ. ಮೊನೆ ಎತ್ತರದ ಕಡೆಗಿದ್ದರೆ ಅದು ಹಳ್ಳ. ತಗ್ಗಿನ ಕಡೆಗಿದ್ದರೆ ಚಾಚಿಕೊಂಡ ದಿಣ್ಣೆ. ನಿಮ್ಮ ಕೆರೆಯ ಏರಿಯ ಒಂದು ತುದಿಯಿಂದ ಹೊರಟು, ದಿಣ್ಣೆಯ ಮೊನೆಗಳನ್ನು ಹಿಡಿದು ಮೇಲೇರಿ, ಶಿಖರಗಳನ್ನೂ ನಡುವಿನ ಕಣಿವೆದಾರಿಗಳನ್ನೂ ದಾಟಿ, ಮತ್ತೆ ಏರಿಯ ಇನ್ನೊಂದು ತುದಿಗೆ ಇಳಿದು ಬನ್ನಿ. ಇದೇ ಏಣು, ಮಳೆನೀರನ್ನು ಎರಡು ಕಡೆಗೆ ಸೀಳುವ ದಿಣ್ಣೆಯ ನೆತ್ತಿ. ಈ ಗೆರೆ ಸಮೋನ್ನತ ರೇಖೆಗಳನ್ನು ನೇರವಾಗಿ ಅಡ್ಡ ಕತ್ತರಿಸಬೇಕು, ಹಳ್ಳವನ್ನು ಎಲ್ಲೂ ದಾಟಬಾರದು. ದಾಟಿತು ಎಂದರೆ ಅಳಿಸಿ ಮತ್ತೆ ಎಳೆಯಿರಿ. ಒಳಗೆ ಉಳಿದ ನೆಲವೆಲ್ಲ ನಿಮ್ಮ ಕೆರೆಯ ಜಲಾನಯನ ಪ್ರದೇಶ.

ಕೋಲಾರದಲ್ಲಿ ಇದು ಸುಲಭವೂ ಹೌದು, ಕಷ್ಟವೂ ಹೌದು. ಅಂತರಗಂಗೆಯ ಬೆಟ್ಟಸಾಲಿನ ಬುಡದಲ್ಲಿ ರೇಖೆಗಳು ಒತ್ತೊತ್ತಾಗಿ ಬಂದು ಏಣು ತಾನೇ ಕಾಣುತ್ತದೆ. ಬಯಲಿನಲ್ಲಿ ಎರಡು ರೇಖೆಗಳ ನಡುವೆ ಒಂದಂಗುಲ ಬಿಟ್ಟಿರುತ್ತದೆ, ಎಂದರೆ ಒಂದು ಮೈಲಿಗೆ 50 ಅಡಿ ಇಳಿಜಾರು, ಸುಮಾರು ನೂರಕ್ಕೆ ಒಂದು. ಅಂಥ ಕಡೆ ಸಣ್ಣ ಹಳ್ಳಗಳ ತಲೆಗಳನ್ನು ನೋಡಿ. ಎರಡು ವಿರುದ್ಧ ದಿಕ್ಕಿಗೆ ಹೊರಡುವ ಹಳ್ಳಗಳ ತಲೆಗಳ ನಡುವೆಯೇ ಏಣು ಇರಬೇಕು. ಬಂಡಿದಾರಿಗಳೂ ಹಲವು ಕಡೆ ಏಣಿನ ಮೇಲೆಯೇ ಸಾಗುತ್ತವೆ, ಮಳೆಗಾಲದಲ್ಲಿ ಗಾಡಿ ಹೂತುಕೊಳ್ಳದಿರಲೆಂದು.

ಜಿಲ್ಲೆಯ ನೀರೆಲ್ಲ ಪಾಲಾರಿಗೇ ಹೋಗುವುದಿಲ್ಲ ಎಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ. ಮಾಲೂರಿನ ಕಡೆಯದು ದಕ್ಷಿಣ ಪಿನಾಕಿನಿಗೆ, ಬೂದಿಕೋಟೆಯ ಮಾರ್ಕಂಡೇಯ ನದಿಯೂ ತಮಿಳುನಾಡಿನಲ್ಲಿ ಅದನ್ನೇ ಸೇರುತ್ತದೆ, ಶ್ರೀನಿವಾಸಪುರದ ಉತ್ತರ ಭಾಗದ್ದು ಪಾಪಾಗ್ನಿಗೆ. ಒಂದೇ ಊರಿನ ಹೊಲಗಳ ನೀರು ಎರಡು ನದಿಗಳಿಗೆ ಹಂಚಿಹೋಗುವ ಜಾಗಗಳಿವೆ. ಅಂಥ ಜಾಗದಲ್ಲಿ ಯಾವುದೋ ಒಂದು ರಸ್ತೆಯ ಬದಿ ಚರಂಡಿ ನೀರಿನ ದಿಕ್ಕನ್ನೇ ಬದಲಿಸಿಬಿಟ್ಟಿರಬಹುದು.

6. ಕೆರೆಯಿಂದ ಕೆರೆಗೆ

ಇದು ಕೆಲಸದ ತಿರುಳು, ಅವಸರ ಬೇಡ.

ಹೊಸಬರು ನೀಲಿ ಗೆರೆ ಮಾತ್ರ ಹುಡುಕುತ್ತಾರೆ. ಸರ್ವೇಕ್ಷಣಾ ಇಲಾಖೆಯ ನಕ್ಷೆಯಲ್ಲಿ ವರ್ಷವಿಡೀ ನೀರಿರುವ ತೊರೆಗೆ ಮಾತ್ರ ನೀಲಿ ಬಣ್ಣ. ಒಣಗುವ ಹಳ್ಳಗಳು ಕಪ್ಪು ಗೆರೆಗಳು. ಕೋಲಾರದ ಹಳ್ಳಗಳಲ್ಲಿ ಹೆಚ್ಚಿನವು ಕಪ್ಪು. ಆ ಕಪ್ಪು ಗೆರೆಗಳನ್ನು ಕಾಲುದಾರಿ ಎಂದು ತಿಳಿದು ಬಿಟ್ಟರೆ ಇಡೀ ಕಣಿವೆ ಕೈತಪ್ಪುತ್ತದೆ. ಸೇನಾ ನಕ್ಷೆಯಲ್ಲಿ ಇದೇ ಹಳ್ಳಗಳಿಗೆ ಕಡಿದ ನೀಲಿ ಗೆರೆ ಹಾಕಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊಂದಲ ಕಳೆಯುತ್ತದೆ.

ಕೆರೆಯ ಆಕಾರವೇ ಅದರ ದಿಕ್ಕನ್ನು ಹೇಳುತ್ತದೆ. ಒಂದು ಬದಿ ನೇರವಾಗಿ ಅಥವಾ ಬಿಲ್ಲಿನಂತೆ ಸ್ವಲ್ಪ ಬಾಗಿ, ದಪ್ಪ ಗೆರೆಗೆ ಸಣ್ಣ ಹಲ್ಲುಗಳಿದ್ದರೆ ಅದು ಏರಿ. ಅದರ ಎದುರಿನ ಬದಿ ಬೆರಳು ಬೆರಳಾಗಿ ಹಳ್ಳಗಳೊಳಗೆ ಚಾಚಿರುತ್ತದೆ. ನೀರು ಬೆರಳುಗಳ ಕಡೆಯಿಂದ ಬಂದು ಏರಿಗೆ ಒರಗುತ್ತದೆ. ಏರಿಯ ಪಕ್ಕ 8ಆರ್, 12ಆರ್ ಎಂಬಂತೆ ಅಂಕಿಯ ಜೊತೆ ಇಂಗ್ಲಿಷಿನ ಚಿಕ್ಕ ಆರ್ ಅಕ್ಷರವಿದ್ದರೆ ಅದು ಸಮುದ್ರಮಟ್ಟದ ಲೆಕ್ಕವಲ್ಲ. ಪಕ್ಕದ ನೆಲದಿಂದ ಏರಿ ಎಷ್ಟು ಎತ್ತರ ಎಂಬ ಅಳತೆ. ಏರಿ ಕುಗ್ಗಿದೆಯೇ, ಹೂಳು ಎಷ್ಟು ತುಂಬಿದೆ ಎಂಬ ಚರ್ಚೆಗೆ ಈ ಪುಟ್ಟ ಅಂಕಿ ತುಂಬ ಬೆಲೆಯುಳ್ಳದ್ದು.

ಈಗ ಏರಿಯ ಎರಡು ತುದಿಗಳನ್ನು ನೋಡಿ. ಯಾವ ತುದಿಯಿಂದ ಹಳ್ಳದ ಗೆರೆ ಮತ್ತೆ ಶುರುವಾಗುತ್ತದೋ ಅಲ್ಲಿ ಕೋಡಿ. ಅದನ್ನು ಕೆಂಪು ಪೆನ್ಸಿಲಿನಲ್ಲಿ ಗುರುತಿಸಿ. ಆ ಹಳ್ಳವನ್ನು ಹಿಡಿದು ಕೆಳಗೆ ಹೋದರೆ ಮುಂದಿನ ಕೆರೆಯ ಬೆರಳು ಸಿಗುತ್ತದೆ. ಹೀಗೆ ಬೇತಮಂಗಲದ ಕೆರೆಯವರೆಗೂ ಇಳಿಯಬಹುದು. ಪಾಲಾರಿನ ಮೇಲಿರುವ ದೊಡ್ಡ ಕೆರೆಗಳಾದ ಬೇತಮಂಗಲ ಮತ್ತು ರಾಮಸಾಗರವನ್ನು ಮೊದಲು ಗುರುತಿಸಿಕೊಂಡರೆ ದಾರಿ ತಪ್ಪುವುದಿಲ್ಲ. ಸೇನಾ ನಕ್ಷೆಯಲ್ಲೂ ಇವು ಎದ್ದು ಕಾಣುವ ಗಾತ್ರದವು. ಕೆಳಗಿನಿಂದ ಮೇಲಕ್ಕೆ ಹೋಗುವುದು ಇನ್ನೂ ಉಪಯುಕ್ತ ಎಂದು ನನಗನಿಸುತ್ತದೆ. ದೊಡ್ಡ ಕೆರೆಗೆ ಸೇರುವ ಪ್ರತಿ ಬೆರಳನ್ನೂ ಹತ್ತಿಕೊಂಡು ಹೋದರೆ, ಯಾರೂ ಹೆಸರೆತ್ತದ ಸಣ್ಣ ಕೆರೆ, ಕುಂಟೆಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಮೊದಲು ಮಾಯವಾಗುವುದು ಇವೇ. ದೊಡ್ಡ ಕೆರೆಗೆ ಹೂಳು ಬರದಂತೆ ಮೇಲೆಯೇ ತಡೆಯುತ್ತಿದ್ದವೂ ಇವೇ.

ತೂಬಿನಿಂದ ಗದ್ದೆಗೆ ಹೋಗುವ ಕಾಲುವೆಗಳು ಈ ಅಳತೆಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಆದರೆ ಏರಿಯ ಕೆಳಗೆ ಹಳದಿ ಬಣ್ಣದ ಸಾಗುವಳಿ ಪಟ್ಟೆ, ಅದರಲ್ಲಿ ಚುಕ್ಕೆ ಚುಕ್ಕೆಯಾಗಿ ಬಾವಿಗಳ ಗುರುತು ಇರುತ್ತದೆ. ಆ ಬಾವಿಗಳ ಗುಂಪು ಎಲ್ಲಿಯವರೆಗೆ ಹರಡಿದೆಯೋ ಸುಮಾರಾಗಿ ಅಲ್ಲಿಯವರೆಗೆ ಅಚ್ಚುಕಟ್ಟು, ಕೆರೆಯ ಒಸರು. ಸಾವಿರ ಅಡಿ ಕೊರೆದರೂ ನೀರು ಸಿಗದ ಕಡೆ ಒಂದು ಕಾಲಕ್ಕೆ ತೆರೆದ ಬಾವಿಗಳ ದಟ್ಟ ಸಾಲು ಇದ್ದುದನ್ನು ಈ ನಕ್ಷೆ ತೋರಿಸಿದಾಗ, ಕೆರೆಗೂ ಅಂತರ್ಜಲಕ್ಕೂ ಇರುವ ನಂಟನ್ನು ಬೇರೆ ಭಾಷಣದಿಂದ ವಿವರಿಸುವ ಅಗತ್ಯ ಉಳಿಯುವುದಿಲ್ಲ.

ಪಾಲಾರಿನ ಈ ಕೆರೆಸಾಲು ಹೊಸ ಅಣೆಕಟ್ಟುಗಳಿಗೆ ಜಾಗ ಬಿಟ್ಟುಕೊಡದೆ ಉಳಿದದ್ದರ ಹಿಂದೆ ಕಾನೂನಿನ ಕಾರಣವೂ ಇದೆ. 1892ರ ಮದ್ರಾಸ್–ಮೈಸೂರು ಒಪ್ಪಂದದ ನದಿಗಳ ಪಟ್ಟಿಯಲ್ಲಿ ಪಾಲಾರ್ ಇದೆ. ಪಟ್ಟಿಯ ನದಿಗಳ ಮೇಲೆ ಮದ್ರಾಸ್ ಸರ್ಕಾರದ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ನಮ್ಮ ಪಾಲಿಗೆ ಉಳಿದದ್ದು ಹಳೆಯ ಕೆರೆಗಳೇ. ಹಾಗಾಗಿ ಎಪ್ಪತ್ತು ವರ್ಷ ಹಿಂದಿನ ಹಾಳೆಯಾದರೂ ಏರಿಗಳ ಮಟ್ಟಿಗೆ ಅದು ಇಂದಿಗೂ ನಂಬಲರ್ಹ.

7. ಹಳಿ, ರಸ್ತೆ, ತಂತಿ, ಗಣಿ

ಕಣಿವೆಯ ಮೇಲೆ ಮನುಷ್ಯರು ಕಟ್ಟಿದ್ದನ್ನು ಬೇರೆ ಟ್ರೇಸಿಂಗ್ ಹಾಳೆಯಲ್ಲಿ ಎತ್ತಿಕೊಳ್ಳಿ. ಬೆಂಗಳೂರು–ಜೋಲಾರ್‌ಪೇಟೆ ಮುಖ್ಯ ರೈಲುಮಾರ್ಗ 1864ರದು. ಬೌರಿಂಗ್‌ಪೇಟೆಯಿಂದ ಚಿನ್ನದ ಗಣಿಗಳಿಗೆ ಹೋದ ಕವಲು 1894ರದು; ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅದರ ನಿಲ್ದಾಣಗಳು. ಬೌರಿಂಗ್‌ಪೇಟೆ–ಕೋಲಾರ ನಡುವೆ 1913ರಲ್ಲಿ ಬಂದದ್ದು ಎರಡೂವರೆ ಅಡಿ ಅಗಲದ ಸಣ್ಣ ಗೇಜು. ನಡುಶತಮಾನದ ನಕ್ಷೆಯಲ್ಲಿ ಅದಕ್ಕೆ ಮುಖ್ಯ ಮಾರ್ಗಕ್ಕಿಂತ ಬೇರೆ ಗುರುತು ಇರುತ್ತದೆ. ಅಂಚಿನ ಸೂಚಿಯೊಂದಿಗೆ ಹೋಲಿಸಿ ನೋಡಿ.

ಹಳಿ ಹಳ್ಳವನ್ನು ದಾಟುವ ಪ್ರತಿ ಜಾಗದಲ್ಲೂ ಒಂದು ಮೋರಿ ಇರಲೇಬೇಕು. ಹಳಿ ಮತ್ತು ಹಳ್ಳದ ಗೆರೆಗಳು ಕೂಡುವ ಬಿಂದುಗಳನ್ನೆಲ್ಲ ಪಟ್ಟಿ ಮಾಡಿ. ಕಾಲುವೆಯ ಉಳಿದ ದಾರಿಯೆಲ್ಲ ಉಳುಮೆಯಾಗಿ ಅಳಿಸಿದ್ದರೂ ಮೋರಿ ಮಾತ್ರ ಕಲ್ಲಿನಲ್ಲಿ ಕಟ್ಟಿದ ಸಾಕ್ಷಿಯಾಗಿ ಉಳಿದಿರುತ್ತದೆ. ಗೇಜು ಬದಲಾದಾಗ ಕೆಲವು ಕಡೆ ಹಳಿಯ ದಾರಿ ಸ್ವಲ್ಪ ಸರಿದಿರಬಹುದು. ಹಾಗಿದ್ದರೆ ಹಳೆಯ ದಿಬ್ಬದ ಮೇಲೂ ಕಣ್ಣಾಡಿಸಿ.

ರಸ್ತೆಗಳ ಕತೆ ತಿರುವುಮುರುವು. ಮದ್ರಾಸ್ ರಸ್ತೆ ಆಗ ಕೋಲಾರ, ಮುಳಬಾಗಿಲುಗಳ ಪೇಟೆಯೊಳಗೇ ಹಾದುಹೋಗುತ್ತಿತ್ತು. ಇಂದಿನ ರಾಷ್ಟ್ರೀಯ ಹೆದ್ದಾರಿ 75 ಮತ್ತು ಬೈಪಾಸುಗಳು ನಕ್ಷೆಯಲ್ಲಿಲ್ಲದ ಹೊಸ ದಿಬ್ಬಗಳು. ಅವು ಕಪ್ಪು ಗೆರೆಗಳನ್ನು ಎಲ್ಲೆಲ್ಲಿ ಕತ್ತರಿಸಿವೆಯೋ ಅಲ್ಲೆಲ್ಲ ಸಾಕಷ್ಟು ದೊಡ್ಡ ಮೋರಿ ಬಿಟ್ಟಿದ್ದಾರೆಯೇ ಎಂದು ಪರೀಕ್ಷಿಸಬೇಕು.

ಕೆಜಿಎಫ್ ಭಾಗದ ಹಾಳೆ ನೋಡಲು ಬಹಳ ಚೆಂದ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಗಣಿಗಳಿಗೆ ನೀರು ಕೊಟ್ಟದ್ದು ಬೇತಮಂಗಲದ ಕೆರೆ. ಗಣಿಯ ಬಾಯಿಗಳು, ಸಾಲುಮನೆಗಳು, ತಂತಿಮಾರ್ಗ, ಹಳಿ ಎಲ್ಲವೂ ಇಕ್ಕಟ್ಟಾಗಿ ಸೇರಿರುತ್ತವೆ. ಸಮೋನ್ನತ ರೇಖೆಗಳನ್ನು ಮಾತ್ರ ಇಲ್ಲಿ ಪೂರ್ತಿ ನಂಬಬೇಡಿ. 2001ರಲ್ಲಿ ಗಣಿ ಮುಚ್ಚುವವರೆಗೂ ಸೈನೈಡ್ ದಿಬ್ಬಗಳು ಬೆಳೆಯುತ್ತಲೇ ಇದ್ದವು; ಅವುಗಳ ಸುತ್ತಲಿನ ನೀರಿನ ದಾರಿ ಹಳೆಯ ನಕ್ಷೆಯದ್ದಾಗಿ ಉಳಿದಿಲ್ಲ.

ಗುಡಿ, ಮಸೀದಿ, ಈದ್ಗಾ, ಕೋಟೆ, ತ್ರಿಕೋನದೊಳಗೆ ಚುಕ್ಕೆಯಿರುವ ಅಳತೆಯ ಕಲ್ಲು ಇವನ್ನೂ ಎತ್ತಿಕೊಳ್ಳಿ. ನೆಲದ ಮೇಲೆ ಜಾಗ ಪತ್ತೆಮಾಡಲು ಇವೇ ಆಸರೆ. ಊರ ಹೆಸರಿದ್ದು ಮನೆಗಳಿಲ್ಲದಿದ್ದರೆ ಅದು ಬೇಚರಾಕ್ ಗ್ರಾಮ ಇರಬಹುದು.

8. ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವುದು

ಕಂಪ್ಯೂಟರ್ ಬಳಕೆ ಬಲ್ಲವರು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಅದರ ಜಿಯೋರೆಫರೆನ್ಸರ್ ಕಿಟಕಿಯಲ್ಲಿ ನಕ್ಷೆಯ ಚಿತ್ರ ತೆರೆದು, ಅಕ್ಷಾಂಶ ರೇಖಾಂಶಗಳು ಕೂಡುವ ಬಿಂದುಗಳ ಮೇಲೆ ಒತ್ತಿ, ಅಂಚಿನಲ್ಲಿರುವ ಅಂಕಿಗಳನ್ನು ಕೊಡಿ. ಒಂದಂಗುಲದ ಹಾಳೆಯಲ್ಲಿ 5 ನಿಮಿಷಕ್ಕೊಂದು ಗೆರೆ ಇರುವುದರಿಂದ ಹದಿನಾರು ಬಿಂದುಗಳು ಸಿಗುತ್ತವೆ. ನಾಲ್ಕು ಮೂಲೆಗಳಿಗೇ ನಿಲ್ಲಿಸದೆ ಒಳಗಿನವನ್ನೂ ಬಳಸಿ. ಚಿತ್ರ ಚೆನ್ನಾಗಿದ್ದರೆ ಚಿತ್ರವನ್ನು ಹೊಂದಿಸುವ ಸೂತ್ರವಾಗಿ ಮೊದಲ ದರ್ಜೆಯ ಪಾಲಿನಾಮಿಯಲ್ ಸಾಕು. ಮಡಿಕೆ ಬಿದ್ದು ಎಳೆದುಕೊಂಡ ಹಾಳೆಗೆ ಎರಡನೆಯ ದರ್ಜೆ ಬೇಕಾಗಬಹುದು. ಅದಕ್ಕೆ ಕನಿಷ್ಠ ಆರು ಬಿಂದುಗಳು.

ಇಲ್ಲಿ ಎಚ್ಚರ ಬೇಕು. ಹಳೆಯ ಭಾರತೀಯ ನಕ್ಷೆಗಳು 1830ರ ಎವರೆಸ್ಟ್ ಗೋಳಾಭದ (ಭೂಮಿಯ ಆಕಾರಕ್ಕೆ ಹಿಡಿದ ಒಂದು ಅಳತೆ) ಲೆಕ್ಕದಲ್ಲಿವೆ, ಮೊಬೈಲಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಲೆಕ್ಕದಲ್ಲಿದೆ. ಅಂಚಿನ ಅಂಕಿಗಳನ್ನು ಜಿಪಿಎಸ್ ಅಂಕಿಗಳೆಂದೇ ಕೊಟ್ಟರೆ ನಮ್ಮ ಭಾಗದಲ್ಲಿ ನೂರು, ಇನ್ನೂರು ಮೀಟರ್ ಪಲ್ಲಟ ಬರುತ್ತದೆ. ಕಾಲುವೆ ಇನ್ನೊಬ್ಬರ ಹೊಲಕ್ಕೆ ಹಾರಿಬಿಡಲು ಅಷ್ಟು ಸಾಕು. ಆದ್ದರಿಂದ ನಿರ್ದೇಶಾಂಕ ಪದ್ಧತಿಯಾಗಿ ಕಲ್ಯಾಣಪುರ 1975, ಅಂದರೆ ಇಪಿಎಸ್‌ಜಿ 4146 ಎಂಬ ಸಂಕೇತದ್ದನ್ನು ಆರಿಸಿ, ತಂತ್ರಾಂಶವೇ ಪರಿವರ್ತಿಸಿಕೊಳ್ಳುತ್ತದೆ. ಆಮೇಲೂ ಕಣ್ಣಿನಿಂದ ಪರೀಕ್ಷಿಸಿ: ಕೆರೆ ಏರಿಯ ಎರಡು ತುದಿಗಳು, ಬೆಟ್ಟದ ತುದಿಯ ಗುಡಿ, ಮುಖ್ಯ ರೈಲುಮಾರ್ಗದ ಸೇತುವೆ. ಇವು ಜಾಗ ಬಿಟ್ಟು ಕದಲಿದವಲ್ಲ. ಏರಿಗಳು ಒಂದರ ಮೇಲೊಂದು ಕೂತರೆ ಉಳಿದದ್ದನ್ನು ನಂಬಬಹುದು. ಹೊಸ ಮುಕ್ತ ಸರಣಿಯ 1:50,000 ನಕ್ಷೆಗಳು ಡಬ್ಲ್ಯುಜಿಎಸ್ 84ರಲ್ಲೇ ಇರುವುದರಿಂದ ಅವುಗಳಿಗೆ ಈ ತೊಡಕಿಲ್ಲ.

ಕಂಪ್ಯೂಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಟ್ರೇಸಿಂಗ್ ಹಾಳೆಯಿಂದಲೇ ಮುಂದಿನ ಕೆಲಸ ಆಗುತ್ತದೆ.

9. ನೆಲದ ಮೇಲೆ ನಡೆಯುವುದು

ಎರಡು ಬಾರಿ ನಡೆಯಿರಿ. ಬೇಸಿಗೆಯಲ್ಲಿ ಒಮ್ಮೆ, ಲಂಟಾನ ಒಣಗಿ ನೆಲ ಕಾಣುವಾಗ. ಹಸ್ತ, ಚಿತ್ತ ಮಳೆಗಳು ಹಿಡಿದಾಗ ಇನ್ನೊಮ್ಮೆ, ನೀರು ತಾನೇ ತನ್ನ ದಾರಿ ತೋರಿಸುವಾಗ. ಕೋಡಿಯಿಂದ ಶುರುಮಾಡಿ ಕೆಳಗಿನ ಕೆರೆಯವರೆಗೆ ಹೋಗಿ. ನಕ್ಷೆಯ ಗೆರೆ ಇದ್ದು ನೆಲದಲ್ಲಿ ಏನೂ ಇಲ್ಲದ ಕಡೆ ನಿಂತು ನೋಡಿ: ಹೊಲಗಳ ಬದುಗಳು ಎರಡೂ ಕಡೆಯಿಂದ ಇಳಿದು ಕೂಡುವ ತಗ್ಗು ಉಂಟೇ, ಹೊಂಗೆ ಅಥವಾ ಜಾಲಿ ಮರಗಳು ಸಾಲು ಹಿಡಿದಿವೆಯೇ, ಮಣ್ಣಿನ ಬಣ್ಣ ಕೆಂಪಿನಿಂದ ಬೂದಿಗೆ ತಿರುಗಿದೆಯೇ. ಇವೆಲ್ಲ ಮುಚ್ಚಿಹೋದ ಕಾಲುವೆಯ ಗುರುತುಗಳು.

ಜೊತೆಗೆ ನೀರುಗಂಟಿಯ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವರ, ಮನೆತನದವರನ್ನು ಕರೆದುಕೊಂಡು ಹೋಗಿ. ಯಾವ ತೂಬು ಯಾವ ಗದ್ದೆಗೆ, ಯಾವ ಕಾಲುವೆಗೆ ಯಾವ ಹೆಸರು, ಯಾವ ವರ್ಷ ಯಾವ ಕೋಡಿ ಹರಿಯಿತು ಎಂಬುದು ಅವರ ಬಾಯಲ್ಲಿದೆ. ನಕ್ಷೆಯಲ್ಲಿ ಕಾಲುವೆಗೆ ಹೆಸರಿಲ್ಲ. ಅವರು ಹೇಳಿದ ಹೆಸರನ್ನು ಹಾಳೆಯ ಮೇಲೆ ಅಲ್ಲಲ್ಲಿಯೇ ಬರೆದುಕೊಳ್ಳಿ. ನಕ್ಷೆಯನ್ನು ಮೊದಲೇ ಬಿಚ್ಚಿ ತೋರಿಸಬೇಡಿ. ಅವರು ಹೇಳುವುದನ್ನು ಪೂರ್ತಿ ಕೇಳಿದ ಮೇಲೆ ತೋರಿಸಿ. ಇಲ್ಲದಿದ್ದರೆ ಹಾಳೆಯಲ್ಲಿರುವುದಕ್ಕೆ ಅವರು ಸೌಜನ್ಯಕ್ಕಾಗಿ ತಲೆಯಾಡಿಸಿಬಿಡುತ್ತಾರೆ.

10. ಕಂದಾಯ ದಾಖಲೆಯೊಂದಿಗೆ ತಾಳೆ

ಸ್ಥಳಾಕೃತಿ ನಕ್ಷೆ ಜಮೀನಿನ ಒಡೆತನ ಹೇಳುವುದಿಲ್ಲ. ಅದನ್ನು ಹಿಡಿದು ಯಾರನ್ನೂ ಒತ್ತುವರಿದಾರ ಎಂದು ಕರೆಯಬೇಡಿ. ಒಂದಂಗುಲದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 30 ಮೀಟರಿಗಿಂತ ಹೆಚ್ಚು. ನೀರು ಈ ದಿಕ್ಕಿನಲ್ಲಿ ಹರಿಯುತ್ತಿತ್ತು ಎಂದು ಅದು ಗಟ್ಟಿಯಾಗಿ ಹೇಳಬಲ್ಲದು. ಯಾವ ಸರ್ವೆ ನಂಬರಿನ ಎಷ್ಟು ಗುಂಟೆಯಲ್ಲಿ ಎಂದು ಹೇಳಲಾರದು.

ಅದಕ್ಕೆ ಗ್ರಾಮನಕ್ಷೆ ಬೇಕು. ಹಳೆಯ ಗ್ರಾಮನಕ್ಷೆಗಳು ಎಂಟು ಅಂಗುಲಕ್ಕೆ ಒಂದು ಮೈಲಿ, ಅಂದರೆ 1:7,920 ಅಳತೆಯವು. ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಅವು ಸಿಗುತ್ತವೆ. ನಿಮ್ಮ ಟ್ರೇಸಿಂಗ್ ಹಾಳೆಯ ಪ್ರಕಾರ ಕಾಲುವೆ ಹಾದುಹೋಗಬೇಕಾದ ಸರ್ವೆ ನಂಬರುಗಳನ್ನು ಅಲ್ಲಿ ಪಟ್ಟಿ ಮಾಡಿ. ಪಹಣಿಯಲ್ಲಿ ಆ ನಂಬರುಗಳ ಬಿ ಖರಾಬು ಎಷ್ಟಿದೆ ನೋಡಿ. ಕಾಲುವೆ, ದಾರಿಗಳಂಥ ಸಾರ್ವಜನಿಕ ಜಾಗ ಆ ತಲೆಬರಹದಡಿ ಬರುತ್ತದೆ. ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯಗಳ ದಾಖಲೆ) ಪ್ರತಿಗಳಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ. ಹೊಲದಲ್ಲಿ ನಿಂತು ಯಾವ ನಂಬರಿನಲ್ಲಿದ್ದೇವೆ ಎಂದು ತಿಳಿಯಲು ದಿಶಾಂಕ್ ಆ್ಯಪ್ ನೆರವಾಗುತ್ತದೆ, ಆದರೆ ಅದೂ ದಾರಿ ತೋರಿಸಲು ಮಾತ್ರ. ಗಡಿ ನಿಗದಿ ಮಾಡುವ ಅಧಿಕಾರ ಭೂಮಾಪಕರದ್ದು.

ಸ್ಥಳಾಕೃತಿ ನಕ್ಷೆ, ಗ್ರಾಮನಕ್ಷೆ, ನೀರುಗಂಟಿಯ ಮಾತು ಈ ಮೂರೂ ಒಂದೇ ಕಡೆ ಕೈತೋರಿದರೆ ಅರ್ಜಿ ಬರೆಯಲು ಹಿಂಜರಿಯಬೇಡಿ. ಎರಡು ಮಾತ್ರ ಕೂಡಿದರೆ ಮತ್ತೊಮ್ಮೆ ಮಳೆಯಲ್ಲಿ ನಡೆದು ನೋಡಿ.

11. ಪಂಚಾಯಿತಿಗೆ ಕೊಡುವ ಪ್ರತಿ

ಕೊನೆಯ ಹಾಳೆ ಸರಳವಾಗಿರಲಿ. ಏಣಿನ ಗೆರೆಗೆ ಕಂದು, ಹಳ್ಳ ಮತ್ತು ಕಾಲುವೆಗೆ ನೀಲಿ, ಕೋಡಿಗೆ ಕೆಂಪು ಚುಕ್ಕೆ, ಮುಚ್ಚಿಹೋದ ಭಾಗಕ್ಕೆ ಕಡಿದ ಗೆರೆ. ಕೆರೆಗಳ, ಕಾಲುವೆಗಳ ಹೆಸರುಗಳನ್ನು ಊರಿನವರು ಕರೆಯುವಂತೆಯೇ ಬರೆಯಿರಿ. ಮೂಲ ಹಾಳೆಯ ಸಂಖ್ಯೆ, ಅದನ್ನು ಅಳೆದ ವರ್ಷ, ನೀವು ನೆಲದಲ್ಲಿ ಪರೀಕ್ಷಿಸಿದ ತಿಂಗಳು ಕೆಳಗೆ ಇರಲಿ. ನಕ್ಷೆಯಿಂದ ತಿಳಿದದ್ದು ಯಾವುದು, ಹಿರಿಯರು ಹೇಳಿದ್ದು ಯಾವುದು, ಕಣ್ಣಾರೆ ಕಂಡದ್ದು ಯಾವುದು ಎಂಬುದನ್ನು ಬೇರೆ ಬೇರೆ ಗುರುತಿನಲ್ಲಿ ತೋರಿಸಿ. ಮುಂದೆ ಯಾರಾದರೂ ಪ್ರಶ್ನಿಸಿದಾಗ ಉತ್ತರ ಕೊಡುವುದು ಈ ಗುರುತುಗಳೇ.

ಗ್ರಾಮಸಭೆಯಲ್ಲಿ ಇದನ್ನು ಇಟ್ಟು ನಡಾವಳಿಯಲ್ಲಿ ಬರೆಸಿ. ಒಂದು ಪ್ರತಿಯನ್ನು ಶಾಲೆಗೆ ಕೊಡಿ. ನಿಮ್ಮ ಕೋಡಿಯ ನೀರು ಹೋಗುವುದು ಪಕ್ಕದ ಪಂಚಾಯಿತಿಯ ಕೆರೆಗಾದರೆ ಅಲ್ಲಿಗೂ ಒಂದು ಪ್ರತಿ ಕಳಿಸಿ, ಅವರ ಕೆರೆಯಿಂದ ಮುಂದಿನ ಹಾಳೆಯನ್ನು ಅವರೇ ಶುರುಮಾಡಲಿ.